ಖಾಲಿ ಹಸೆಮಣೆಯ ಫೋಟೊ

ನನ್ನ ಮೊದಲನೆಯ ಆಲ್ಬಂಗೆ ಮೂರು ಸಾವಿರ ಚಿಲ್ಲರೆ ಬಿತ್ತು. ಎರಡನೆಯದಕ್ಕೆ ಅದರ ಅರ್ಧವೂ ಆಗಲಿಲ್ಲ. ಮೊದಲನೆಯದು ಈಗಲೂ ನಮ್ಮ ಟ್ರಂಕಿನ ತಳದಲ್ಲಿ ನುಸಿಗುಳಿಗೆಯ ಜೊತೆ ಮಲಗಿದೆ. ಎರಡನೆಯದು ನನಗೆ ಅನ್ನ ಹಾಕಿತು. ದುಬಾರಿಯದು ಯಾಕೆ ಕೆಲಸಕ್ಕೆ ಬರಲಿಲ್ಲ, ಅಗ್ಗದ್ದು ಯಾಕೆ ಬಂತು ಅನ್ನುವುದನ್ನು ಹೇಳಿಬಿಡುತ್ತೇನೆ. ಈ ಕಸುಬಿಗೆ ಹೊಸದಾಗಿ ಇಳಿಯುವವರಿಗೆ ಅಷ್ಟಾದರೂ ಉಳಿಯಲಿ.

ಮೂರು ಸಾವಿರ ಹೋದದ್ದು ಮಖಮಲ್ಲಿನ ರಟ್ಟಿಗೆ, ಅದರ ಮೇಲಿನ ಚಿನ್ನದ ಬಣ್ಣದ ಅಕ್ಷರಗಳಿಗೆ, ಒಳಗೆ ಅಂಟಿಸಿದ ದೊಡ್ಡ ಸೈಜಿನ ಫೋಟೊಗಳಿಗೆ. ಇಸವಿ ಎರಡು ಸಾವಿರ ದಾಟಿ ಒಂದೆರಡು ವರ್ಷವಾಗಿತ್ತು. ಡಿಜಿಟಲ್ ಕ್ಯಾಮೆರಾ ಎಂಬುದು ನಮ್ಮ ಅರಸೀಕೆರೆಯ ಸ್ಟುಡಿಯೊಗಳಿಗೆ ಇನ್ನೂ ಬಂದಿರಲಿಲ್ಲ. ರೋಲ್ ಮುಗಿಯಬೇಕು, ಅದು ಬಸ್ಸಿನಲ್ಲಿ ಹಾಸನದ ಲ್ಯಾಬಿಗೆ ಹೋಗಬೇಕು, ತೊಳೆಸಿಕೊಂಡು ಪ್ರಿಂಟಾಗಿ ವಾಪಸ್ ಬರಬೇಕು. ಫೋಟೊ ಹೇಗೆ ಬಂದಿದೆ ಅಂತ ಅಲ್ಲಿಯವರೆಗೆ ದೇವರಿಗೇ ಗೊತ್ತು.

'ನಿಮ್ಮ ಮನೆ ಮದುವೆಯ ಓಡಾಟವೆಲ್ಲ ನಾನು ವಹಿಸಿಕೊಳ್ಳುತ್ತೇನೆ' ಎಂದು ಒಬ್ಬ ಹೆಂಗಸು ಹೋಗಿ ಹೇಳುವುದೂ ಆಗ ಹೊಸತು. ಛತ್ರ ಗೊತ್ತುಮಾಡುವುದು, ಅಡುಗೆ ಭಟ್ಟರನ್ನು ಕರೆಸುವುದು, ಹೂವು, ವಾಲಗ, ಬಸ್ಸು ಎಲ್ಲ ಹುಡುಗಿಯ ಸೋದರಮಾವನ ತಲೆಗೆ ಕಟ್ಟುವುದೇ ರೂಢಿ. ಆದರೆ ಸೋದರಮಾವಂದಿರೂ ನೌಕರಿ ಹಿಡಿದಿದ್ದರು, ರಜೆ ಸಿಗುತ್ತಿರಲಿಲ್ಲ. ಅಲ್ಲೇ ನನಗೊಂದು ಜಾಗ ಕಂಡಿತು. ಪರಿಚಯದವರ ಎರಡು ಮದುವೆಗಳನ್ನು ಅಸಲಿಗೇ ಮಾಡಿಕೊಟ್ಟಿದ್ದೆ. ಒಂದು ಹಾರನಹಳ್ಳಿಯ ರೈತರ ಮನೆಯದು. ಇನ್ನೊಂದು ಅರಸೀಕೆರೆಯ ಬ್ಯಾಂಕ್ ಅಧಿಕಾರಿಯೊಬ್ಬರ ಮಗಳದು. ಅವರು ಬೌದ್ಧರು. ಹೋಮವಿಲ್ಲ, ವಾಲಗವಿಲ್ಲ. ಬುದ್ಧನ ಮೂರ್ತಿಯ ಮುಂದೆ ದೀಪ, ಬಿಳಿ ಹೂವು, ಹಿಂದೆ ನೆರಿಗೆ ಹಿಡಿದು ಕಟ್ಟಿದ ಬಿಳಿ, ನೀಲಿ ಬಟ್ಟೆ. ಆ ನೆರಿಗೆ ಹಿಡಿಯಲು ನನಗೆ ಅರ್ಧ ದಿನ ಬೇಕಾಗಿತ್ತು. ಇವತ್ತಿಗೂ ಅಷ್ಟು ಶುಚಿಯಾಗಿ ಇನ್ನೊಂದು ಹಾಲ್ ಕಟ್ಟಿಲ್ಲ ಅಂತಲೇ ನನಗೆ ಅನ್ನಿಸುತ್ತದೆ.

ಹೊಸ ಮನೆಗೆ ಹೋದರೆ ಎಲ್ಲರದೂ ಒಂದೇ ಪ್ರಶ್ನೆ: 'ನೀವು ಮಾಡಿಸಿರೋದು ಏನಾದ್ರೂ ತೋರಿಸಿ.' ಅದಕ್ಕೇ ಎರಡೂ ಮನೆಯವರ ಒಪ್ಪಿಗೆ ಕೇಳಿ, ಸ್ಟುಡಿಯೊದಿಂದ ಮರುಪ್ರಿಂಟ್ ಹಾಕಿಸಿ ಆ ಮಖಮಲ್ ಆಲ್ಬಂ ಮಾಡಿಸಿದ್ದು. ಅದನ್ನು ಚೀಲದಲ್ಲಿಟ್ಟುಕೊಂಡು ಕಣಕಟ್ಟೆ ಬಸ್ ಹತ್ತಿದೆ.

ಕಣಕಟ್ಟೆಯ ಆ ಮನೆಯ ಯಜಮಾನರಿಗೆ ತೆಂಗಿನ ತೋಟ, ರಾಗಿ ಹೊಲ ಇತ್ತು. ಚಿಕ್ಕ ಮಗಳ ಮದುವೆ ಕಾರ್ತಿಕದಲ್ಲಿ. ಗಂಡಿನ ಕಡೆಯವರು ಬೇಲೂರಿನವರಾದ್ದರಿಂದ ಮದುವೆಯೂ ಬೇಲೂರಿನ ಛತ್ರದಲ್ಲೇ. ಎರಡು ದಿನದ ಕೆಲಸ, ಊಟಕ್ಕೆ ಸಾವಿರಕ್ಕೂ ಮೇಲೆ ಎಲೆ. ನಮ್ಮ ಮನೆಯಲ್ಲಿ ಆಗಲೇ ಒಂದು ಮಾತಾಗಿತ್ತು: ಆಷಾಢದೊಳಗೆ ಒಂದು ದೊಡ್ಡ ಮದುವೆ ಕೈಗೆ ಬರದಿದ್ದರೆ ಈ ಊರೂರು ತಿರುಗುವುದನ್ನು ಬಿಟ್ಟು ನಾನು ಮತ್ತೆ ಸೀರೆಗೆ ಫಾಲ್ಸ್ ಹೊಲಿಯುತ್ತ ಕೂರುವುದು. ಒಪ್ಪಿಕೊಂಡಿದ್ದೆ. ಆದರೆ ಸೂಜಿ ಹಿಡಿದು ಕೂರುವ ಕುಳ ನಾನಲ್ಲ ಅನ್ನುವುದು ಮನೆಯವರಿಗೂ ಗೊತ್ತಿತ್ತು.

ಆಲ್ಬಂ ಬಿಚ್ಚಿದ್ದೇ ತಡ, ಅಡುಗೆಮನೆಯಿಂದ ಹೆಂಗಸರು ಕೈ ಒರೆಸಿಕೊಳ್ಳುತ್ತಾ ಬಂದು ಸುತ್ತ ಕೂತರು. ನನಗೆ ಖುಷಿಯೋ ಖುಷಿ.

'ಏ, ಇದು ಹಾರನಹಳ್ಳಿ ಹುಡುಗಿ ಅಲ್ವೇನೇ? ಮೂಗು ನೋಡು, ಥೇಟ್ ಅವರ ಸೋದರತ್ತೇದು.'

'ಅತ್ತೇದಲ್ಲ ಕಣೇ, ಅಜ್ಜೀದು. ಅತ್ತೆ ಮೂಗು ಇನ್ನೂ ಉದ್ದ.'

'ಪಕ್ಕದಾಗ್ ನಿಂತಿರೋ ಹುಡುಗ ಯಾರವ್ವ? ಕೆಲ್ಸ ಐತಾ? ನಮ್ ತಂಗಿ ಮಗಳಿಗೆ ನೋಡ್ತಾವ್ರೆ.'

ಆ ಹುಡುಗನ ಹಿಂದೆ ಕನಕಾಂಬರ, ಮಲ್ಲಿಗೆ ಸೇರಿಸಿ ನಾನು ಕಟ್ಟಿಸಿದ್ದ ಕಮಾನು ಇತ್ತು. ಅದರ ಮುಂದೆ ಅವನ ಭುಜ ಅಡ್ಡ. ಕಮಾನಿನ ಇನ್ನೊಂದು ಬದಿಗೆ ಅವನ ಚಿಕ್ಕಪ್ಪ ಅಡ್ಡ. ಯಾರೂ ಹೂವು ನೋಡಲಿಲ್ಲ. ನಾನೇ ಬೆರಳಿಟ್ಟು ತೋರಿಸಿದರೆ ಅವರ ಕಣ್ಣು ಬೆರಳಿನಿಂದ ಜಾರಿ ಮತ್ತೆ ಯಾರದೋ ಓಲೆಯ ಮೇಲೆ ನಿಲ್ಲುತ್ತಿತ್ತು.

ಅಷ್ಟರಲ್ಲಿ ಯಜಮಾನರು ಬ್ಯಾಂಕ್ ಅಧಿಕಾರಿಯ ಮಗಳ ಮದುವೆಯ ಪುಟಕ್ಕೆ ಬಂದರು. ಬುದ್ಧನ ಮೂರ್ತಿ ನೋಡಿದರು. ಮುಖಗಳನ್ನು ನೋಡಿದರು.

'ಇವ್ರು ಯಾರ ಪೈಕಿ?'

'ಅರಸೀಕೆರೆ ಬ್ಯಾಂಕಿನವರು. ಬೌದ್ಧರು.'

'ಹೂಂ' ಎಂದು ಒಟ್ಟಿಗೆ ಎರಡು ಹಾಳೆ ಮಗುಚಿದರು. ನಾನು ಅರ್ಧ ದಿನ ಹಿಡಿದ ನೆರಿಗೆ ಆ ಎರಡು ಹಾಳೆಯೊಳಗೆ ಹೋಯಿತು.

ಕೊನೆಗೆ ಆಲ್ಬಂ ಮುಚ್ಚಿ ನನ್ನ ಕೈಗೆ ಕೊಟ್ಟು ಹೇಳಿದರು: 'ಚೆಂದಾಗೈತೆ ಕಣವ್ವ. ಆದ್ರೆ ಮದುವೆ ಯಾರ್ದು ಅಂತ ಗೊತ್ತಾಯ್ತೇ ಹೊರ್ತು ನೀನೇನ್ ಮಾಡ್ದೆ ಅಂತ ಗೊತ್ತಾಗ್ಲಿಲ್ಲ. ಹಾಸನದಿಂದ ಒಬ್ಬ ಕಾಂಟ್ರಾಕ್ಟರ್ ಬಂದಿದ್ದ, ಅವನೂ ಏನೋ ಬಣ್ಣದ ಕಾಗದ ಕೊಟ್ಟೋಗವ್ನೆ. ಆಷಾಢ ಹುಟ್ಟೋಕ್ ಮುಂಚೆ ಇಬ್ಬರಲ್ಲಿ ಒಬ್ಬರಿಗೆ ವೀಳ್ಯ ಕೊಡ್ತೀನಿ.'

ವೀಳ್ಯ ಅಂದರೆ ಎಲೆ ಅಡಿಕೆಯ ಜೊತೆ ಮುಂಗಡ. ಅದು ಕೈಗೆ ಬಂದರೆ ಮಾತು ಕಟ್ಟಿದ ಹಾಗೆ.

ವಾಪಸ್ ಬಸ್ಸಿನಲ್ಲಿ ಸಿಟ್ಟು ಬಂದಿತ್ತು. ಎರಡು ಹಾಳೆ ಮಗುಚಿದ್ದಕ್ಕೆ ಬಂದ ಸಿಟ್ಟು ಇನ್ನೂ ಪೂರ್ತಿ ಇಳಿದಿಲ್ಲ, ಅದನ್ನು ಪಕ್ಕಕ್ಕಿಡೋಣ. ಆದರೆ ಅವರು ಕೊನೆಗೆ ಹೇಳಿದ ಮಾತು ಮಾತ್ರ ನಿಜವಾಗಿತ್ತು. ಇಡೀ ಆಲ್ಬಂನಲ್ಲಿ ನನ್ನ ಕೆಲಸದ ಒಂದೇ ಒಂದು ಫೋಟೊ ಇರಲಿಲ್ಲ. ನಮ್ಮ ಕಡೆ ಮದುವೆ ಫೋಟೊ ಅಂದರೆ ಜನ. ಹೆಣ್ಣು ಗಂಡು ಮಧ್ಯೆ ನಿಲ್ಲುತ್ತಾರೆ, ಅತ್ತ ನಾಲ್ಕು ಜನ, ಇತ್ತ ನಾಲ್ಕು ಜನ, ಕೈಯಲ್ಲಿ ಉಡುಗೊರೆ. ಅಂಥವೇ ಇನ್ನೂರು. ಮುಖ ಕಂಡ ಕೂಡಲೇ ನಮ್ಮವರಿಗೆ ಮೂಗು, ನೆಂಟಸ್ತನ, ಜಾತಿ, ವರನ ಕೆಲಸ ಎಲ್ಲ ನೆನಪಾಗುತ್ತದೆ, ಮಂಟಪ ಮರೆಯುತ್ತದೆ. ಹಾಗಾದರೆ ಮುಖಗಳೇ ಇಲ್ಲದ ಆಲ್ಬಂ ಮಾಡಿದರೆ?

ಬಸ್ ಅರಸೀಕೆರೆ ಸ್ಟ್ಯಾಂಡಿಗೆ ಬರುವಷ್ಟರಲ್ಲಿ ನಿರ್ಧಾರವಾಗಿತ್ತು. ಜನ ಬರುವ ಮುಂಚಿನ ಮದುವೆ ಮನೆಯನ್ನು ಹಿಡಿಸಬೇಕು. ಖಾಲಿ ಮಂಟಪ, ಎಲೆ ಹಾಕಿಟ್ಟ ಖಾಲಿ ಊಟದ ಸಾಲು, ಗಂಡಿನ ಕಡೆಯವರು ಇಳಿಯುವ ಮುಂಚಿನ ಬಿಡದಿ ಕೋಣೆ, ಕೈ ತೊಳೆಯುವ ಜಾಗ, ಜೋಡಿಸಿಟ್ಟ ತಾಂಬೂಲದ ಚೀಲ. ಆಷಾಢಕ್ಕೆ ಮುಂಚೆ ನನ್ನ ಕೈಯಲ್ಲಿ ಉಳಿದಿದ್ದದ್ದು ಒಂದೇ ಮದುವೆ, ಬಸ್ತಿಹಳ್ಳಿಯ ಒಂದು ಹುಡುಗಿಯದು, ಹಳೇಬೀಡಿನ ಚಿಕ್ಕ ಛತ್ರದಲ್ಲಿ. ಅದರಲ್ಲೇ ಎಲ್ಲ ಆಗಬೇಕು.

ಸ್ಟುಡಿಯೊದವನಿಗೆ ವಿಷಯ ಹೇಳಿದೆ. ಅವನು ನನಗಿಂತ ಚಿಕ್ಕವನು, ಅಕ್ಕ ಅನ್ನುತ್ತಿದ್ದ.

'ಜನ ಇಲ್ದೇ ಫೋಟೊನಾ? ಲ್ಯಾಬಿನೋರು ನಗ್ತಾರೆ ಕಣಕ್ಕಾ. ಕ್ಯಾಮೆರಾ ಕೈತಪ್ಪಿ ಒತ್ತಿಬಿಟ್ಟವ್ನೆ ಅಂತಾರೆ.'

'ನಗಲಿ. ರೋಲ್ ನಂದು, ನಗು ಅವರದು. ನಿಂಗೇನು?'

'ಮತ್ತೆ ನನ್ನ ಕೂಲಿ?'

'ಕೂಲಿ ಇಲ್ಲ. ನನಗೆ ಸಿಗೋ ಮದುವೆಗಳ ಫೋಟೊ ಎಲ್ಲ ನಿಂದೇ. ಬೇರೆ ಸ್ಟುಡಿಯೊ ಮೆಟ್ಟಿಲು ಹತ್ತಲ್ಲ.'

'ನಿಂಗಿನ್ನೂ ದೊಡ್ಡದು ಒಂದೂ ಸಿಕ್ಕಿಲ್ವಲ್ಲಕ್ಕಾ.'

'ಅದಕ್ಕೇ ಈಗ ಒಪ್ಕೋ. ಸಿಕ್ಕಿದ ಮೇಲೆ ನಿನ್ನಂಥೋರು ಹತ್ತು ಜನ ಬರ್ತಾರೆ.'

ತಲೆ ಕೆರೆದುಕೊಂಡ, ಒಪ್ಪಿದ. ಆದರೆ ಒಂದು ಷರತ್ತು ಹಾಕಿದ: ಬೆಳಗ್ಗೆ ಎಲ್ಲರಿಗಿಂತ ಮುಂಚೆ ಅವನಿಗೆ ತಿಂಡಿ ಕೊಡಿಸಬೇಕು. ಆಮೇಲೆ ನನಗೆ ಗೊತ್ತಾಯಿತು, ಮದುವೆ ಮನೆಯಲ್ಲಿ ಫೋಟೊ ತೆಗೆಯುವವನಿಗೆ ಯಾವತ್ತೂ ಬಿಸಿ ಉಪ್ಪಿಟ್ಟು ಸಿಗುವುದೇ ಇಲ್ಲವಂತೆ.

ಖಾಲಿ ಜಾಗದ ಫೋಟೊ ತೆಗೆಯುವುದು ನಾವಂದುಕೊಂಡಷ್ಟು ಸುಲಭವಾಗಿರಲಿಲ್ಲ. ಫ್ಲಾಶ್ ಹೊಡೆದರೆ ಮುಂದಿನ ಹೂವೆಲ್ಲ ಸುಣ್ಣ ಬಳಿದ ಹಾಗೆ, ಹಿಂದೆಲ್ಲ ಕತ್ತಲೆ. ಬಾಳೆ ಎಲೆಗೆ ನೇರ ಬೆಳಕು ಬಿದ್ದರೆ ಎಲೆ ಕಾಣುವುದಿಲ್ಲ, ಬರೀ ಹೊಳಪು. ಅದಕ್ಕೆ ಅವನೇ ಉಪಾಯ ಹೇಳಿದ. ಕ್ಯಾಮೆರಾವನ್ನು ಸ್ಟ್ಯಾಂಡಿನ ಮೇಲಿಟ್ಟು, ಬಾಗಿಲು ಕಿಟಕಿ ತೆಗೆಸಿ, ಬೆಳಗಿನ ಬೆಳಕಿನಲ್ಲಿ ಫ್ಲಾಶ್ ಇಲ್ಲದೆ ನಿಧಾನಕ್ಕೆ ಹಿಡಿಯುವುದು. ಆದರೆ ಆಗ ಎದುರಿಗೆ ಯಾರೂ ಓಡಾಡಬಾರದು. ಓಡಾಡಿದರೆ ಫೋಟೊದಲ್ಲಿ ದೆವ್ವ ಬಂದ ಹಾಗೆ ಮಬ್ಬು ಬೀಳುತ್ತದೆ. ಮದುವೆ ಮನೆಯಲ್ಲಿ ಯಾರೂ ಓಡಾಡಬೇಡಿ ಅನ್ನುವುದು!

ಹಳೇಬೀಡಿನ ಛತ್ರದಲ್ಲಿ ಬೆಳಕು ಹರಿಯುವ ಹೊತ್ತಿಗೆ ಮಂಟಪ ತಯಾರಾಗಿತ್ತು. ನಾಲ್ಕು ಬಾಳೆಕಂಬ, ಮಾವಿನ ತೋರಣ, ಸೇವಂತಿಗೆ ಸಿಗದ ಕಾಲವಾದ್ದರಿಂದ ಸುಗಂಧರಾಜ, ನಡುವೆ ರಂಗೋಲಿ, ಅದರ ಮೇಲೆ ಜೋಡಿ ಹಸೆಮಣೆ. ಪೂರ್ವದ ಬಾಗಿಲಿಂದ ಬಿಸಿಲು ಸರಿಯಾಗಿ ಮಣೆಯ ಮೇಲೆ ಬಿದ್ದಿತ್ತು. ಸ್ಟುಡಿಯೊದವನು ಉಪ್ಪಿಟ್ಟು ತಿಂದು ಬಾಯಿ ಒರೆಸಿಕೊಂಡು ಕ್ಯಾಮೆರಾಗೆ ಕಣ್ಣಿಟ್ಟ. ಅಷ್ಟರಲ್ಲಿ ಹಿಂದಿನಿಂದ ಕೂಗು:

'ಏಯ್, ಏಯ್! ಏನ್ಲಾ ಮಾಡ್ತಿದೀಯಾ?'

ಮದುವೆ ಹುಡುಗಿಯ ಅಜ್ಜಿ. ಒದ್ದೆ ತಲೆಗೆ ಟವೆಲ್ಲು ಸುತ್ತಿಕೊಂಡು ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದರು.

'ಮಂಟಪದ ಫೋಟೊ ಅಜ್ಜಿ' ಎಂದೆ.

'ಬರೀ ಹಸೆ ಫೋಟೊ ಹಿಡೀತಾರೇನೇ? ಧಾರೆ ಆಗೋ ಮುಂಚೆ ಹಸೆ ಬರಿದಾಗಿ ಕಾಣ್ಬಾರ್ದು. ಕೂರೋರಿಲ್ಲ ಅಂದಂಗೆ ಆಗ್ತೈತೆ. ತಗೀರಿ ಅದನ್ನ!'

ಬಿಸಿಲು ಸರಿಯುತ್ತಿತ್ತು. ಇನ್ನೊಂದು ಸ್ವಲ್ಪ ಹೊತ್ತಾದರೆ ಜನ ತುಂಬಿಬಿಡುತ್ತಾರೆ. ವಾದ ಮಾಡಿದರೆ ಸೋಲುವುದು ಖಂಡಿತ. ಮದುವೆ ಮನೆಯ ಅಜ್ಜಿಯ ಮುಂದೆ ಯಾವ ಕಾಂಟ್ರಾಕ್ಟರೂ ಗೆದ್ದಿಲ್ಲ. ಚೌಕಾಸಿಗಿಳಿದೆ.

'ಮಣೆ ಮೇಲೆ ಒಂದೊಂದು ತೆಂಗಿನಕಾಯಿ ಇಡ್ಲಾ ಅಜ್ಜಿ?'

'ಯಾಕೆ, ಕಾಯಿಗೆ ಮದುವೆನಾ?'

'ಕಳಶ ಇಟ್ರೆ?'

'ಕಳಶದ ಜಾಗ ಅದಲ್ಲ ಕಣೇ.'

'ಹಂಗಾದ್ರೆ ನೀವೇ ಕೂತ್ಕೊಳ್ಳಿ. ತಾತನ್ನೂ ಕರೀರಿ.'

'ಆ ಮುದುಕನ ಜೊತೆ ಇನ್ನೊಂದ್ ಸಲ ಹಸೆ ಮೇಲೆ ಕೂರಕ್ಕೆ ನಂಗೇನ್ ಬಂದೈತೆ ಹೇಳು' ಎಂದರು ಅಜ್ಜಿ. ಹೇಳುತ್ತಲೇ ತಲೆಯ ಟವೆಲ್ಲು ಬಿಚ್ಚಿ, ಸೆರಗು ಸರಿಮಾಡಿಕೊಂಡು, ಹಿತ್ತಲ ಕಡೆ ಮುಖ ಮಾಡಿ ಕೂಗಿದರು: 'ಏಯ್, ಬಾರೋ ಇಲ್ಲಿ! ರುಮಾಲು ಹಾಕ್ಕಂಡ್ ಬಾ!'

ತಾತ ಬಂದರು, ರುಮಾಲು ಸುತ್ತುತ್ತಲೇ ಬಂದರು. ವಿಷಯ ತಿಳಿದು ನಾಚಿಕೊಂಡರು. ಆಮೇಲೆ ಮಣೆಯ ಮೇಲೆ ಕೂತು, ಪಕ್ಕದ ಮಣೆ ತಟ್ಟಿ ತೋರಿಸಿದರು: 'ಈ ಕಡೆ ಕೂತ್ಕೋ, ಬಲಕ್ಕೆ.'

'ಬಲಕ್ಕೆ ಕೂರೋದು ಧಾರೆಗೆ ಮುಂಚೆ. ಧಾರೆ ಆಗಿ ಮೊಮ್ಮಗಳ ಮದುವೆ ಬಂತು, ಇನ್ನೂ ಬಲಕ್ಕೆ ಅಂತಾನೆ! ನಾನು ಎಡಕ್ಕೆ.'

'ಫೋಟೊಗೆ ಬಲವೇ ಚೆಂದ.'

'ನೀನ್ಯಾವಾಗ್ಲಾ ಫೋಟೊ ನೋಡಿದ್ದು? ನಮ್ಮ ಮದುವೇಲಿ ಫೋಟೊ ಎಲ್ಲಿತ್ತು? ಅವತ್ತೂ ಹಿಂಗೇ ತಪ್ಪು ಕಡೆ ಕೂತಿದ್ದ ಕಣ್ರೀ, ಅಯ್ನೋರು ಎಬ್ಬಿಸಿ ಕೂರಿಸಿದ್ರು!'

'ನಾನಲ್ಲ, ನೀನು ಕೂತಿದ್ದು!'

ಸುತ್ತ ಇದ್ದವರೆಲ್ಲ ನಗುತ್ತಿದ್ದರು. ಯಾರೂ ಓಡಾಡುತ್ತಿರಲಿಲ್ಲ, ಅದೇ ನಮಗೆ ಬೇಕಾಗಿದ್ದದ್ದು. ಕೊನೆಗೆ ತಾತ ಸುಮ್ಮನೆ ಎದ್ದು ಇನ್ನೊಂದು ಮಣೆಗೆ ಸರಿದರು. ಅಜ್ಜಿ ಎಡಕ್ಕೆ ಕೂತರು. ಗೆದ್ದ ಖುಷಿಗೋ, ನಾಚಿಕೆಗೋ, ಬಾಯಿಗೆ ಕೈ ಅಡ್ಡ ಹಿಡಿದುಕೊಂಡರು. ತಾತ ಎದುರಿಗೆ ನೋಡದೆ ಅವರನ್ನೇ ನೋಡಿದರು. ಸ್ಟುಡಿಯೊದವನು ಒತ್ತಿಬಿಟ್ಟ.

'ಅಕ್ಕಾ, ಬೆಳಕು ಹೋಗೋಕೆ ಮುಂಚೆ ಇದೊಂದೇ ಸಿಕ್ಕಿದ್ದು. ಮುಖ ಬಂದುಬಿಡ್ತಲ್ಲ.'

'ಇರಲಿ ಬಿಡು, ಅವರಿಗೇ ಕೊಟ್ರಾಯ್ತು' ಎಂದೆ. ಆ ಫೋಟೊ ನನಗೆ ನಷ್ಟದ ಬಾಬ್ತು ಅಂತಲೇ ಅಂದುಕೊಂಡಿದ್ದೆ.

ಊಟದ ಸಾಲಿನದು ಇನ್ನೊಂದು ಕಥೆ. ಎಲೆ ಹಾಕಿ, ಉಪ್ಪು, ಉಪ್ಪಿನಕಾಯಿ, ಕೋಸಂಬರಿ, ಪಲ್ಯ ಬಡಿಸಿ, ಪಕ್ಕದಲ್ಲಿ ನೀರಿನ ಲೋಟ ಇಟ್ಟು, ಜನ ಕೂರುವ ಮುಂಚೆ ಹಿಡಿಯಬೇಕು ಎಂಬುದು ನಮ್ಮ ಲೆಕ್ಕ. ಬಾಗಿಲ ಹತ್ತಿರ ಕ್ಯಾಮೆರಾ ಇಟ್ಟೆವು. ಎಲೆ ಬೀಳುವುದೇ ತಡ, ಜನ ಕ್ಯಾಮೆರಾ ದಾಟಿ ನುಗ್ಗಿದರು. ಕೂತವರೆಲ್ಲ ಫೋಟೊ ತಮ್ಮದೇ ಅಂತ ಬೆನ್ನು ನೆಟ್ಟಗೆ ಮಾಡಿ, ಉಸಿರು ಬಿಗಿಹಿಡಿದು ನಮ್ಮನ್ನೇ ನೋಡಿದರು. ಒಬ್ಬರಂತೂ ಬಾಯಿಗೆ ಇಟ್ಟ ಹಪ್ಪಳವನ್ನು ಹಾಗೇ ಹಿಡಿದು ಕಾದರು. ಮೊದಲ ಪಂಕ್ತಿ ಹೋಯಿತು.

ಎರಡನೆಯದಕ್ಕೆ ಬಡಿಸುವವರ ಜೊತೆ ಮಾತಾಡಿಕೊಂಡೆ. ಮುಂಬಾಗಿಲು ಹಾಕಿ ಚಿಲಕ ಜಡಿದು, ಹಿಂಬಾಗಿಲಿಂದ ಬಡಿಸುವುದು. ಬಾಗಿಲು ತೆರೆಯುವ ತನಕ ನನ್ನ ಕಡೆಯಿಂದ ಜನರಿಗೆ ಹೊರಗೇ ಪಾನಕ. ಸ್ಟುಡಿಯೊದವನು ಎಲೆಗೆ ಓರೆಯಾಗಿ, ಕುರ್ಚಿ ಹತ್ತಿ ನಿಂತ. ಬಾಗಿಲು ಬಡಿಯುತ್ತಿದ್ದವರು 'ಒಳಗೇನು ಕನ್ಯಾದಾನ ನಡೀತೈತಾ?' ಎಂದು ಕೇಳುತ್ತಿದ್ದದ್ದು ಇನ್ನೂ ಕಿವಿಯಲ್ಲಿದೆ. ಸಾಲು ಪೂರ್ತಿ, ಹಸಿರೋ ಹಸಿರು, ಒಂದು ಲೋಟವೂ ಓರೆಯಾಗಿಲ್ಲದೆ ಸಿಕ್ಕಿತು.

ಹಾಸನದಿಂದ ಪ್ರಿಂಟ್ ಬರುವಷ್ಟರಲ್ಲಿ ಇನ್ನೊಂದು ಕೆಲಸ ಮಾಡಿದೆ. ಬ್ಯಾಂಕ್ ಅಧಿಕಾರಿಯ ಮನೆಗೆ ಹೋದೆ. ಅವರಿಗೆ ಸ್ವಂತ ಕ್ಯಾಮೆರಾ ಇತ್ತು. ಮಗಳ ಮದುವೆಯ ದಿನ ಯಾರೂ ಬರುವ ಮುಂಚೆ ಖಾಲಿ ಹಾಲ್‌ನ ಒಂದು ಫೋಟೊ ತೆಗೆದಿದ್ದರು ಎಂಬುದು ನೆನಪಿತ್ತು. ಬಿಳಿ ಬಟ್ಟೆಯ ನೆರಿಗೆ, ಹಚ್ಚಿಟ್ಟ ದೀಪಗಳು, ಸಾಲು ಕುರ್ಚಿ ಎಲ್ಲ ಅದರಲ್ಲಿತ್ತು. ಅದನ್ನು ಕೇಳಿದೆ.

'ಮೊದಲನೇ ಆಲ್ಬಂನಲ್ಲಿ ನಮ್ಮ ಫೋಟೊಗಳು ಇದ್ದವಲ್ಲ ಮೇಡಂ?' ಎಂದರು.

'ಇದ್ದವು ಸರ್. ಈಗ ಎಲ್ಲರ ಮುಖವನ್ನೂ ತೆಗೆದುಹಾಕಿದ್ದೀನಿ. ನಿಮ್ಮದೊಂದೇ ಅಲ್ಲ.'

ಏನಾಗಿರಬಹುದು ಅಂತ ಅವರಿಗೆ ಹೇಳಿಕೊಡಬೇಕಾಗಿರಲಿಲ್ಲ. 'ಎಲ್ಲರದೂ ಅಂದ್ರೆ ಸರಿ' ಎಂದು ನಕ್ಕು ನೆಗೆಟಿವ್ವನ್ನೇ ಕೊಟ್ಟರು. 'ಚೆನ್ನಾಗಿ ದೊಡ್ಡದಾಗಿ ಹಾಕಿಸಿ.'

ಸಾದಾ ಆಲ್ಬಂ ತಂದು ಅಂಟಿಸಿದೆ. ಮೊದಲ ಪುಟಕ್ಕೆ ಬಿಳಿ ನೆರಿಗೆಯ ಹಾಲ್. ಆಮೇಲೆ ಊಟದ ಸಾಲು, ಬಿಡದಿ ಕೋಣೆ, ಕೈ ತೊಳೆಯುವ ಜಾಗ, ತಾಂಬೂಲದ ಚೀಲ. ಖಾಲಿ ಮಂಟಪದ್ದು ಇರಲಿಲ್ಲ. ಮಂಟಪ ತೋರಿಸದೆ ಮದುವೆ ಕೇಳುವುದು ಹೇಗೆ? ಬೇರೆ ದಾರಿಯಿಲ್ಲದೆ ಅಜ್ಜಿ ತಾತನ ಫೋಟೊವನ್ನು ಕೊನೆಯ ಪುಟಕ್ಕೆ ಹಾಕಿದೆ. ಅವರ ಒಪ್ಪಿಗೆ ಕೇಳಲು ಹೋದಾಗ ಅಜ್ಜಿ, 'ಹಾಕ್ಕೋ, ನಾನೇನ್ ಇನ್ನು ಮದುವೆ ಆಗ್ಬೇಕಾ?' ಎಂದಿದ್ದರು.

ಆಷಾಢಕ್ಕೆ ಎರಡು ದಿನ ಮುಂಚೆ ಮತ್ತೆ ಕಣಕಟ್ಟೆ. ಹೆಂಗಸರು ಮತ್ತೆ ಬಂದು ಕೂತರು. ಮುಖ ಹುಡುಕಿದರು, ಸಿಗಲಿಲ್ಲ. ಬೇರೆ ದಾರಿಯಿಲ್ಲದೆ ಎಲೆ ನೋಡಿದರು.

'ಎಲೆಯಿಂದ ಎಲೆಗೆ ಇಷ್ಟ್ ಜಾಗ ಬಿಡ್ತೀಯಾ? ನಮ್ ದೊಡ್ಡೋಳ ಮದುವೇಲಿ ಮೊಣಕೈ ತಾಗ್ತಿತ್ತು.'

'ಕೈ ತೊಳೆಯೋ ಕಡೆ ಕೆಸರಾಗಲ್ವಾ?'

'ಕೆಳಗೆ ಜಲ್ಲಿ ಹಾಕಿಸಿದೀನಿ, ನೋಡಿ ಇಲ್ಲಿ.'

ಯಜಮಾನರು ಮೊದಲ ಪುಟಕ್ಕೇ ಮತ್ತೆ ಮತ್ತೆ ಹೋಗುತ್ತಿದ್ದರು. 'ಈ ಬಿಳಿ ಬಟ್ಟೆ ಕಟ್ಟಿರೋದು ಒಪ್ಪವಾಗೈತೆ. ಬೇಲೂರಲ್ಲಿ ಆರತಕ್ಷತೆಗೆ ಹಿಂಗೇ ಕಟ್ಟು. ಬಣ್ಣ ಬೇರೆ.'

'ಕಟ್ತೀನಿ. ಇದು ಅವತ್ತು ನೀವು ಮಗುಚಿದ್ರಲ್ಲ, ಅದೇ ಬ್ಯಾಂಕಿನವರ ಮನೆ ಮದುವೇದು.'

ಹೇಳಬಾರದಿತ್ತೇನೋ. ಆದರೆ ನನ್ನ ಕೆಲಸವನ್ನು ಮೆಚ್ಚಿದ ಮೇಲೆ ಅದು ಯಾರಿಗೆ ಮಾಡಿದ್ದು ಅಂತ ಮುಚ್ಚಿಡುವುದು ನನಗಾಗಲಿಲ್ಲ. ಅವರು ಮೀಸೆ ನೀವಿಕೊಂಡರು. ಪುಟ ಮಾತ್ರ ಮಗುಚಲಿಲ್ಲ.

ಬಾಗಿಲ ಬಳಿ ಅವರ ತಾಯಿ ಹಲಸಿನ ಬೀಜ ಸುಲಿಯುತ್ತ ಕೂತಿದ್ದರು. 'ಇತ್ತ ತಾ' ಎಂದು ಆಲ್ಬಂ ತರಿಸಿಕೊಂಡು ಹಿಂದಿನಿಂದ ಬಿಚ್ಚಿದರು. ಕೊನೆಯ ಪುಟವೇ ಮೊದಲು ಸಿಕ್ಕಿತು. ಹಸೆಯ ಮೇಲೆ ಅಜ್ಜಿ ಬಾಯಿಗೆ ಕೈ ಅಡ್ಡ ಹಿಡಿದು ಕೂತಿದ್ದಾರೆ, ತಾತ ಅವರನ್ನೇ ನೋಡುತ್ತಿದ್ದಾರೆ. ಯಜಮಾನರೂ ಬಗ್ಗಿ ನೋಡಿದರು. ಹಳೆಯ ಪ್ರಶ್ನೆ ಮತ್ತೆ ಬಂತು.

'ಇವ್ರು ಯಾರ ಪೈಕಿ?'

'ಯಾರ ಪೈಕಿ ಆದ್ರೆ ನಿಂಗೇನ್ಲಾ?' ಎಂದರು ತಾಯಿ, ತಲೆ ಎತ್ತದೆ. 'ಗಂಡ ಹೆಂಡ್ತಿ ಕೂತವ್ರೆ.'

ಆಮೇಲೆ ಹಲಸಿನ ಬೀಜದ ಮೊರ ಪಕ್ಕಕ್ಕೆ ಸರಿಸಿ ನನ್ನನ್ನು ಕರೆದರು. 'ಇದೂ ನಿನ್ನ ಲೆಕ್ಕದಾಗೇ ಬರ್ತೈತಾ? ನಮ್ಮನ್ನೂ ಹಿಂಗೆ ಕೂರಿಸ್ತೀಯಾ?'

'ಅದಕ್ಕೆ ದುಡ್ಡಿಲ್ಲ ಅವ್ವ. ನನ್ನ ಕಡೆಯಿಂದ.'

'ಲೇ,' ಎಂದರು ಮಗನಿಗೆ, 'ನಿಮ್ಮಪ್ಪನ್ನ ತೋಟದಿಂದ ಕರಿ. ಹಂಗೇ ವೀಳ್ಯದೆಲೆ ತಾ.'

ಯಜಮಾನರು ಎಲೆ ಅಡಿಕೆ ಕೊಟ್ಟರು. ಕೊಡುವಾಗಲೂ ಹೂವಿನ ಬಾಬ್ತಿನಲ್ಲಿ ಒಂದಿಷ್ಟು ಇಳಿಸಲು ನೋಡಿದರು. ನಾನು ಇಳಿಸಲಿಲ್ಲ. ಅವತ್ತು ಅವರವ್ವ ನನ್ನ ಕಡೆಗಿದ್ದರು.

ಫಾಲ್ಸ್ ಹೊಲಿಯುವ ಮಾತು ನಮ್ಮ ಮನೆಯಲ್ಲಿ ಮತ್ತೆ ಬರಲಿಲ್ಲ. ಕಾರ್ತಿಕದಲ್ಲಿ ಬೇಲೂರಿನ ಛತ್ರದಲ್ಲಿ, ಬಿಸಿಲು ಮೂಡುವ ಹೊತ್ತಿಗೆ, ಆ ಅವ್ವನೂ ಅವರ ಗಂಡನೂ ಹಸೆಯ ಮೇಲೆ ಕೂತರು. ನೋಡಿದ ಗಂಡಿನ ಕಡೆಯ ಅಜ್ಜಿ ತಾತ, 'ನಾವೇನ್ ಪಾಪ ಮಾಡಿದ್ವಿ?' ಎಂದು ಸಾಲಿಗೆ ನಿಂತರು. ಅದರ ಮುಂದಿನ ಮದುವೆಯಲ್ಲಿ ನಾನು ಕರೆಯಲೇ ಇಲ್ಲ, ಆ ಮನೆಯ ಅಜ್ಜಿ ತಾತ ತಾವೇ ಸ್ನಾನ ಮಾಡಿಕೊಂಡು ತಯಾರಾಗಿ ಬಂದರು.

ಈಗ ನಿಮಗೆ. ಹೊಸದಾಗಿ ಈ ಕೆಲಸಕ್ಕೆ ಇಳಿಯುವವರು ಚಿನ್ನದ ಅಕ್ಷರಕ್ಕೆ ದುಡ್ಡು ಸುರಿಯಬೇಡಿ, ಅದನ್ನು ಯಾರೂ ಓದುವುದಿಲ್ಲ. ರೋಲಿನ ಕಾಲ ಹೋಯಿತು, ಆದರೂ ಇನ್ನೊಬ್ಬರ ಫೋಟೊಗೆ ಕಾಯದೆ ನಿಮ್ಮ ಫೋಟೊ ನೀವೇ ಹಿಡಿಸಿ, ಅದರ ಮೂಲ ನಿಮ್ಮ ಕೈಯಲ್ಲೇ ಇರಲಿ. ಮದುವೆ ಮನೆಯವರ ಒಪ್ಪಿಗೆ ಕೇಳದೆ ಒಂದು ಮುಖವನ್ನೂ ಮನೆಯಿಂದ ಮನೆಗೆ ಒಯ್ಯಬೇಡಿ. ನೀವು ಮಾಡಿದ ಕೆಲಸ ಜನ ಬರುವ ಮುಂಚೆಯೇ ಚೆನ್ನಾಗಿ ಕಾಣುವುದು, ಅದನ್ನು ಆಗಲೇ ಹಿಡಿಸಿ. ಊಟದ ಸಾಲಿಗೆ ಬಾಗಿಲು ಹಾಕಿಸಿ, ಹೊರಗೆ ಪಾನಕ ಕೊಡಿ. ಫೋಟೊದವನಿಗೆ ಮೊದಲು ಬಿಸಿ ತಿಂಡಿ ಕೊಡಿ, ಉಳಿದದ್ದೆಲ್ಲ ಅವನೇ ಸರಿಮಾಡುತ್ತಾನೆ. ಮತ್ತೆ ಕೊನೆಯ ಪುಟಕ್ಕೆ ಒಂದು ಹಳೆಯ ಜೋಡಿಯನ್ನು ಹಸೆಯ ಮೇಲೆ ಕೂರಿಸಿ. ಯಾರು ಎಡಕ್ಕೆ, ಯಾರು ಬಲಕ್ಕೆ ಅಂತ ಮಾತ್ರ ನೀವು ಹೇಳಿಕೊಡಲು ಹೋಗಬೇಡಿ. ಅವರು ಜಗಳ ಆಡಲಿ. ಜಗಳ ಮುಗಿದು ಒಬ್ಬರು ಸುಮ್ಮನೆ ಎದ್ದು ಇನ್ನೊಂದು ಮಣೆಗೆ ಸರಿಯುತ್ತಾರಲ್ಲ, ಆಗ ಒತ್ತಲು ಹೇಳಿ.